ಮಗುವಿನಲ್ಲಿ 'ನಾನು' ಬೆಳೆಯುವುದನ್ನು ಅಂಗನವಾಡಿಯಲ್ಲಿ ಗುರುತಿಸುವುದು ಹೇಗೆ? ತರಬೇತಿಗೆ ಸಹಾಯ ಬೇಕು

ಕಾಪು_ತರಬೇತಿ

ಎಲ್ಲರಿಗೂ ನಮಸ್ಕಾರ. ಉಡುಪಿ ಕಡೆಯ ಅಂಗನವಾಡಿ ಕಾರ್ಯಕರ್ತೆಯರಿಗೆ ಅರ್ಧ ದಿನದ ತರಬೇತಿ ಉಂಟು. ಮಗು ಸಮಾಜದ ಸದಸ್ಯ ಆಗುವುದು ಹೇಗೆ ಎಂಬುದು ವಿಷಯ. ನನ್ನ ಹತ್ತಿರ ಇರುವುದು ಬಿ.ಎ. ಸಮಾಜಶಾಸ್ತ್ರದ ಪಠ್ಯ. ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿಯ ಕನ್ನಡಿ ಸಿದ್ಧಾಂತ (ಬೇರೆಯವರ ಕಣ್ಣಲ್ಲಿ ತಾನು ಹೇಗೆ ಕಾಣುತ್ತೇನೆ ಎಂಬುದರಿಂದ 'ನಾನು' ಬೆಳೆಯುತ್ತದೆ ಎಂಬುದು), ಮೀಡ್‌ನ ಮೂರು ಹಂತ ಎಲ್ಲ ಅದರಲ್ಲಿವೆ. ಆದರೆ ಅದನ್ನು ಹಾಗೆಯೇ ಓದಿ ಹೇಳಿದರೆ ದಿನವಿಡೀ 3ರಿಂದ 6 ವರ್ಷದ ಮಕ್ಕಳ ಜೊತೆ ಇರುವವರಿಗೆ ಏನೂ ಉಪಯೋಗವಿಲ್ಲ. ಅವರು ತಮ್ಮ ಕೇಂದ್ರದಲ್ಲಿ ಕಣ್ಣಾರೆ ನೋಡುವ ಹಾಗೆ ಹೇಳಬೇಕು.

ಮುಖ್ಯವಾಗಿ ಮೂರು ಸಂಶಯ. ಮೀಡ್ ಹೇಳಿದ ಆಟದ ಹಂತಗಳನ್ನು ನಮ್ಮ ಮಕ್ಕಳ ಆಟದಲ್ಲಿ ಹೇಗೆ ತೋರಿಸುವುದು? ಮಗು ಕನ್ನಡಿಯಲ್ಲಿ ತನ್ನನ್ನು ಗುರುತಿಸುತ್ತದಾ ಎಂದು ನೋಡುವ ಕನ್ನಡಿ ಪರೀಕ್ಷೆಯಂಥವನ್ನು ಕೇಂದ್ರದಲ್ಲಿ ಮಾಡಬಹುದಾ? ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು ಅಂಗನವಾಡಿಯಲ್ಲಿ ಬಾಯಿ ಬಿಡದಿದ್ದರೆ ಎಷ್ಟು ದಿನ ಕಾಯಬೇಕು?

ಕೊಣಾಜೆ_ಓದುಗ

ಮೊದಲು ಪಠ್ಯದಲ್ಲೇ ಒಂದು ತಿದ್ದುಪಡಿ ಮಾಡಿಕೊಳ್ಳಿ. ಜಾರ್ಜ್ ಹರ್ಬರ್ಟ್ ಮೀಡ್ ಬಿಡಿಸಿ ವಿವರಿಸಿದ್ದು ಎರಡನ್ನು: ಪಾತ್ರ ಹಾಕಿಕೊಳ್ಳುವ ಆಟ ಮತ್ತು ನಿಯಮವಿರುವ ಆಟ. ಅದಕ್ಕೂ ಹಿಂದಿನ ಅನುಕರಣೆಯ ಹಂತಕ್ಕೆ ಪ್ರತ್ಯೇಕ ಹೆಸರು ಕೊಟ್ಟು ಮೂರಾಗಿಸಿದವರು ನಂತರದ ವ್ಯಾಖ್ಯಾನಕಾರರು. ಇದು ಇರುವ 'ಮೈಂಡ್, ಸೆಲ್ಫ್ ಅಂಡ್ ಸೊಸೈಟಿ' ಪುಸ್ತಕವನ್ನೂ ಮೀಡ್ ಕೂತು ಬರೆದದ್ದಲ್ಲ. 1931ರಲ್ಲಿ ಅವರು ತೀರಿಕೊಂಡ ಮೇಲೆ ಶಿಕಾಗೋದ ಪಾಠಗಳ ಟಿಪ್ಪಣಿಗಳನ್ನು ಜೋಡಿಸಿ 1934ರಲ್ಲಿ ಪ್ರಕಟಿಸಿದ್ದು. ಹಾಗಾಗಿ 'ಇಷ್ಟನೇ ವರ್ಷಕ್ಕೆ ಇಷ್ಟನೇ ಹಂತ' ಎಂದು ಪಟ್ಟಿ ಹಾಕಿ ಮಕ್ಕಳನ್ನು ಅದರೊಳಗೆ ತುರುಕಬೇಡಿ.

ಕೂಲಿ 1902ರಲ್ಲಿ ಹೇಳಿದ್ದರಲ್ಲಿ ಮೂರು ಭಾಗ ಉಂಟು: ಎದುರಿನವರಿಗೆ ನಾನು ಹೇಗೆ ಕಾಣುತ್ತೇನೆ ಎಂಬ ಊಹೆ, ಕಂಡದ್ದಕ್ಕೆ ಅವರು ಏನು ಬೆಲೆ ಕಟ್ಟುತ್ತಾರೆ ಎಂಬ ಊಹೆ, ಅದರಿಂದ ನನಗೆ ಆಗುವ ಹೆಮ್ಮೆ ಅಥವಾ ಅವಮಾನ. ಮೊದಲಿನ ಎರಡೂ ಊಹೆಗಳು ಎಂಬುದನ್ನು ಒತ್ತಿ ಹೇಳಿ. ಟೀಚರಿಗೆ ತಲೆನೋವು, ಮುಖ ಗಂಟಿಕ್ಕಿದೆ. ಚಿತ್ರ ತೋರಿಸಲಿಕ್ಕೆ ಬಂದ ಮಗು ಆ ಗಂಟನ್ನು ತನ್ನ ಚಿತ್ರಕ್ಕೆ ಸಿಕ್ಕಿದ ಉತ್ತರ ಅಂದುಕೊಳ್ಳುತ್ತದೆ. ಪರಿಹಾರ ಸಣ್ಣದು: 'ಟೀಚರಿಗೆ ಇವತ್ತು ತಲೆ ನೋಯ್ತದೆ, ನಿನ್ನ ಮೇಲೆ ಕೋಪ ಇಲ್ಲ' ಎಂದು ಬಾಯಿಬಿಟ್ಟು ಹೇಳುವುದು. 4 ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ.

ಈಗ ಪಾತ್ರದ ಆಟ. ನಮ್ಮಲ್ಲಿ ಇದಕ್ಕೆ ಬಸ್ಸಿನ ಆಟಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ನಾಲ್ಕು ಕುರ್ಚಿ ಸಾಲಾಗಿ ಇಟ್ಟರೆ ಸಾಕು, ಒಬ್ಬ ಕಂಡಕ್ಟರ್ ಆಗಿ 'ರೈಟ್ ಪೋಯಿ' ಅನ್ನುತ್ತಾನೆ, ಮತ್ತೊಬ್ಬಳು ಟಿಕೆಟ್ ತೆಗೆದುಕೊಳ್ಳುತ್ತಾಳೆ. ನವರಾತ್ರಿ ಮುಗಿದ ಮೇಲೆ ತಿಂಗಳುಗಟ್ಟಲೆ ಡಬ್ಬ ಬಡಿದು ಹುಲಿವೇಷ ಕುಣಿಯುವುದೂ ಇದೇ ಜಾತಿಯದು. ಇಲ್ಲಿ ಕಾರ್ಯಕರ್ತೆ ಗಮನಿಸಬೇಕಾದ್ದು ಮಗು ಎಷ್ಟು ಚಂದ ನಟಿಸಿತು ಎಂಬುದನ್ನಲ್ಲ, ಪಾತ್ರ ಅದಲುಬದಲಾದಾಗ ಏನಾಗುತ್ತದೆ ಎಂಬುದನ್ನು. ಕಂಡಕ್ಟರ್ ಆಗಿದ್ದವ ಪ್ರಯಾಣಿಕನಾದ ಕೂಡಲೇ 'ಚಿಲ್ಲರೆ ಕೊಡಿ' ಎಂದು ತಾನೇ ಕೇಳಿದರೆ, ಅವನು ಆ ಸಂಬಂಧದ ಎರಡೂ ತುದಿಯನ್ನು ಒಳಗೆ ತೆಗೆದುಕೊಂಡಿದ್ದಾನೆ. ಬರೀ ಅನುಕರಣೆಯಲ್ಲಿ ಇದು ಇರುವುದಿಲ್ಲ. 2 ವರ್ಷದ ಮಗು ಸೀಟಿ ಊದುತ್ತದೆ, ಅಷ್ಟೇ. ಎದುರಿಗೆ ಪ್ರಯಾಣಿಕ ಬೇಕು ಅಂತ ಅದಕ್ಕಿಲ್ಲ.

ನಿಯಮದ ಆಟಕ್ಕೆ ಮೀಡ್ ಬೇಸ್‌ಬಾಲ್ ಉದಾಹರಣೆ ಕೊಟ್ಟರು. ನೀವು ಲಗೋರಿ ತೆಗೆದುಕೊಳ್ಳಿ. ಏಳು ಚಪ್ಪಟೆ ಕಲ್ಲು ಬಿದ್ದ ಕ್ಷಣದಲ್ಲಿ ಕಲ್ಲಿನ ಹತ್ತಿರ ಓಡುವ ಹುಡುಗಿಗೆ ಒಟ್ಟಿಗೆ ಎಷ್ಟು ಗೊತ್ತಿರಬೇಕು ನೋಡಿ: ಚೆಂಡು ಯಾರ ಕೈಯಲ್ಲಿದೆ, ಅವನು ಯಾರಿಗೆ ಹೊಡೆಯಲಿಕ್ಕಿದ್ದಾನೆ, ತನ್ನ ಕಡೆಯವರಲ್ಲಿ ಯಾರು ಚೆಂಡನ್ನು ತಮ್ಮ ಮೇಲೆ ಎಳೆದುಕೊಂಡು ಓಡುತ್ತಾರೆ, ಇನ್ನೆಷ್ಟು ಕಲ್ಲು ಬಾಕಿ. ಒಂದೊಂದೇ ಪಾತ್ರ ಹಾಕಿದರೆ ಇಲ್ಲಿ ಆಗುವುದಿಲ್ಲ, ಎಲ್ಲರ ಜಾಗವೂ ಒಂದೇ ಸಲ ತಲೆಯಲ್ಲಿರಬೇಕು. ಹೀಗೆ ಗುಂಪಿನ ಒಟ್ಟು ನಿರೀಕ್ಷೆಯನ್ನು ಒಳಗೆ ಹೊತ್ತುಕೊಳ್ಳುವುದನ್ನೇ ಮೀಡ್ 'ಸಾಮಾನ್ಯೀಕೃತ ಇತರರು' ಅಂದದ್ದು. 'ಅಮ್ಮ ಬೈತಾಳೆ' ಎಂಬಲ್ಲಿಂದ 'ಹಾಗೆ ಮಾಡ್ಲಿಕ್ಕಿಲ್ಲ' ಎಂಬಲ್ಲಿಗೆ ಮಗು ಬರುವುದು ಈ ದಾರಿಯಲ್ಲಿ.

ಒಂದು ಎಚ್ಚರಿಕೆ. ಅಂಗನವಾಡಿಯಲ್ಲಿ ಆಡಿಸುವ ಕೆರೆ-ದಡವನ್ನು ನಿಯಮದ ಆಟ ಅಂತ ತೋರಿಸಬೇಡಿ. ಅದರಲ್ಲಿ ಮಗು ಕೇಳುವುದು ಟೀಚರ ಮಾತು ಮಾತ್ರ, ಪಕ್ಕದವನು ಏನು ಮಾಡುತ್ತಾನೆಂದು ಊಹಿಸುವ ಅಗತ್ಯವೇ ಇಲ್ಲ. ತನ್ನ ಮೈಯನ್ನು ತಡೆದು ಹಿಡಿಯುವ ಅಭ್ಯಾಸಕ್ಕೆ ಅದು ಬಹಳ ಒಳ್ಳೆಯದು, ಆದರೆ ಅದು ಬೇರೆ ವಿಷಯ. 5 ವರ್ಷದವರಿಗೆ ಕುರಿ-ತೋಳ ಹೆಚ್ಚು ಸರಿ, ಯಾಕೆಂದರೆ ಅಲ್ಲಿ ಎದುರು ಪಕ್ಷದ ಮನಸ್ಸು ಲೆಕ್ಕಕ್ಕೆ ಬರುತ್ತದೆ.

ಕುಡ್ಲ_ಬಾಲವಿಕಾಸ

ವಯಸ್ಸಿನ ವಿಷಯಕ್ಕೆ ನಾನು ಬರುತ್ತೇನೆ. ಅಂಗನವಾಡಿಗೆ ಬರುವ ಮೊದಲೇ ಅರ್ಧ ಕೆಲಸ ಆಗಿರುತ್ತದೆ ಎಂಬುದನ್ನು ತಾಯಂದಿರ ಸಭೆಯಲ್ಲಿ ಹೇಳಬೇಕು. 6ರಿಂದ 8 ವಾರಕ್ಕೆ ಮುಖ ನೋಡಿ ನಗುವುದು. 8-9 ತಿಂಗಳಿಗೆ ಗುರುತಿಲ್ಲದವರನ್ನು ಕಂಡು ಅಳುವುದು. ಇದು ಕೆಟ್ಟ ಅಭ್ಯಾಸವಲ್ಲ, ತನ್ನವರು ಯಾರು ಎಂದು ಗೊತ್ತಾದ ಲಕ್ಷಣ. 9ರಿಂದ 12 ತಿಂಗಳೊಳಗೆ ನೀವು ನೋಡಿದ ಕಡೆಗೆ ತಾನೂ ನೋಡುವುದು. ವರ್ಷದ ಆಸುಪಾಸಿಗೆ ಬೆರಳು ತೋರಿಸುವುದು. ಬೆರಳಿನಲ್ಲಿ ಎರಡು ಬಗೆ ಉಂಟು: 'ಅದು ಬೇಕು' ಅನ್ನುವ ಬೆರಳು, 'ಅದೋ ನೋಡು' ಅನ್ನುವ ಬೆರಳು. ಎರಡನೆಯದು ಬಹಳ ದೊಡ್ಡದು. ಕಾಗೆ ತೋರಿಸಿ ನಿಮ್ಮ ಮುಖ ನೋಡುವ ಮಗುವಿಗೆ ಕಾಗೆ ಬೇಕಾಗಿಲ್ಲ, ನೀವು ಜೊತೆಗೆ ನೋಡಬೇಕು, ಅಷ್ಟೇ.

1978ರಲ್ಲಿ ಟ್ರಾನಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗವನ್ನು ಬಾಯಲ್ಲಿ ವಿವರಿಸಿದರೂ ಸಾಕು. ಕೂಸಿನ ಜೊತೆ ಆಡುತ್ತಿದ್ದ ತಾಯಿ ಸ್ವಲ್ಪ ಹೊತ್ತು ಯಾವ ಭಾವವೂ ಇಲ್ಲದ ಮುಖ ಮಾಡಿ ಕೂರುತ್ತಾಳೆ. ಕೂಸು ಮೊದಲು ನಗುತ್ತದೆ, ಕೈಯಾಡಿಸುತ್ತದೆ, ಆಮೇಲೆ ಮುಖ ತಿರುಗಿಸಿಕೊಂಡು ಕುಗ್ಗುತ್ತದೆ. ಊಟ ಮಾಡಿಸುವಾಗ ಮೊಬೈಲ್ ನೋಡುವುದರ ಬಗ್ಗೆ ಮಾತು ಎತ್ತಲಿಕ್ಕೆ ಇದು ಸರಿಯಾದ ಜಾಗ. ಬೈದು ಹೇಳಬೇಡಿ. ಉಣ್ಣಿಸುವ 15-20 ನಿಮಿಷ ಫೋನ್ ಬೇರೆ ಕೋಣೆಯಲ್ಲಿರಲಿ ಎಂದರೆ ಸಾಕು.

ಕನ್ನಡಿ ಪರೀಕ್ಷೆ ಮಾಡಬಹುದು, ಆದರೆ ಅಂಗನವಾಡಿಯ 3 ವರ್ಷದವರಿಗೆ ಅಲ್ಲ. ಹೆಚ್ಚಿನ ಅಧ್ಯಯನಗಳಲ್ಲಿ 18ರಿಂದ 24 ತಿಂಗಳೊಳಗೆ ಇದು ಆಗಿಬಿಡುತ್ತದೆ. ಮನೆಭೇಟಿಯಲ್ಲಿ ಮಾಡಿ. ಮೊದಲು ಗುರುತು ಹಾಕದೆ ಒಂದೆರಡು ನಿಮಿಷ ಕನ್ನಡಿ ಮುಂದೆ ಬಿಟ್ಟು, ಮಗು ತನ್ನ ಮುಖವನ್ನು ಎಷ್ಟು ಸಲ ಮುಟ್ಟುತ್ತದೆ ನೋಡಿ. ಆಮೇಲೆ ಮೂಗು ಒರೆಸುವ ನೆಪದಲ್ಲಿ ಗೊತ್ತಾಗದ ಹಾಗೆ ಗುರುತು ಹಾಕಿ ಮತ್ತೆ ಕನ್ನಡಿ ತೋರಿಸಿ. ಕನ್ನಡಿಯನ್ನು ಮುಟ್ಟಿದರೆ ಲೆಕ್ಕಕ್ಕಿಲ್ಲ, ತನ್ನ ಮೂಗನ್ನು ಮುಟ್ಟಿಕೊಂಡರೆ ಹೌದು. ನಮ್ಮ ಕಡೆ ಇದು ಕೆಡುವುದು ಒಂದು ಕಾರಣಕ್ಕೆ: ದೃಷ್ಟಿಬೊಟ್ಟು. ಹುಟ್ಟಿದಂದಿನಿಂದ ಹಣೆ, ಕೆನ್ನೆಯ ಮೇಲೆ ಕಪ್ಪು ಬೊಟ್ಟು ಇಟ್ಟುಕೊಂಡ ಮಗುವಿಗೆ ಮುಖದ ಮೇಲೆ ಮಚ್ಚೆ ಕಂಡರೆ ಆಶ್ಚರ್ಯವೇ ಇಲ್ಲ, ಒರೆಸಿಕೊಳ್ಳುವುದೂ ಇಲ್ಲ. ಕಪ್ಪು, ಕೆಂಪು ಬಿಡಿ. ನೀಲಿ ಕಾಗದದ ಸಣ್ಣ ಚೂರನ್ನು ಹಣೆಯ ಮೇಲಿನ ಕೂದಲಿಗೆ ಅಂಟಿಸಿ.

ಇನ್ನು 4 ವರ್ಷದವರಿಗೆ ಮಾಡಬಹುದಾದ್ದು ತಪ್ಪುನಂಬಿಕೆಯ ಪರೀಕ್ಷೆ, ಅಂದರೆ ಬೇರೆಯವರು ನಿಜವಲ್ಲದ್ದನ್ನು ನಂಬಿರಬಹುದು ಎಂದು ಮಗುವಿಗೆ ತಿಳಿಯುತ್ತದಾ ಎಂದು ನೋಡುವುದು. ಮೊದಲು ವಿಮ್ಮರ್ ಮತ್ತು ಪರ್ನರ್ 1983ರಲ್ಲಿ ಮಾಡಿದ್ದು; ಇಲ್ಲಿ ಹೇಳುವ ಎರಡು ಗೊಂಬೆಯ ರೂಪ 1985ರಲ್ಲಿ ಬ್ಯಾರನ್-ಕೋಹೆನ್ ಮತ್ತು ಸಂಗಡಿಗರದ್ದು. ಎರಡು ಗೊಂಬೆ, ಒಂದು ಬುಟ್ಟಿ, ಒಂದು ಡಬ್ಬ, ಒಂದು ಗೋಲಿ. ಮೊದಲ ಗೊಂಬೆ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತದೆ. ಎರಡನೆಯದು ಅದನ್ನು ತೆಗೆದು ಡಬ್ಬಕ್ಕೆ ಹಾಕುತ್ತದೆ. ಮೊದಲನೆಯದು ವಾಪಸು ಬಂತು, ಮೊದಲು ಎಲ್ಲಿ ಹುಡುಕುತ್ತದೆ? 3 ವರ್ಷದ ಹೆಚ್ಚಿನ ಮಕ್ಕಳು ಡಬ್ಬ ಅನ್ನುತ್ತಾರೆ, 4 ದಾಟಿದ ಮೇಲೆ ಬುಟ್ಟಿ ಅನ್ನುವವರು ಹೆಚ್ಚು. 'ಎಲ್ಲಿ ಹುಡುಕಬೇಕು' ಅಂತ ಕೇಳಿದಿರಾದರೆ ಪರೀಕ್ಷೆ ಹಾಳು. ಮಗು ಸಹಾಯ ಮಾಡಲಿಕ್ಕೆ ಹೋಗಿ ಗೋಲಿ ನಿಜವಾಗಿ ಇರುವ ಜಾಗ ಹೇಳುತ್ತದೆ. ಕೊನೆಗೆ ಎರಡು ಪ್ರಶ್ನೆ ಬಿಡಬೇಡಿ: 'ಮೊದಲು ಎಲ್ಲಿ ಇಟ್ಟದ್ದು?', 'ಈಗ ಎಲ್ಲಿದೆ?' ಇವೆರಡಕ್ಕೆ ಸರಿ ಉತ್ತರ ಬಾರದಿದ್ದರೆ ಮಗುವಿಗೆ ಕಥೆಯೇ ನೆನಪಿಲ್ಲ ಎಂದರ್ಥ, ಬೇರೆ ಏನನ್ನೂ ತೀರ್ಮಾನಿಸಬೇಡಿ.

ಬಾಯಿ ಬಿಡದ ಮಗುವಿನ ವಿಷಯ. ಇಲ್ಲಿನ ಮಕ್ಕಳಿಗೆ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪ್ರ ಕನ್ನಡ. ಕೇಂದ್ರದಲ್ಲಿ ಪುಸ್ತಕದ ಕನ್ನಡ. ಹೊಸ ಭಾಷೆಯಲ್ಲಿ ಕೆಲವು ತಿಂಗಳು ಬರೀ ಕೇಳಿಕೊಂಡು ಕೂರುವುದು ಸಾಮಾನ್ಯ. ಅದೇ ಮಗು ಮನೆಭಾಷೆಯಲ್ಲಿ ಕರೆದರೆ ಉತ್ತರ ಕೊಡುತ್ತದಾ, ಮಾತಿಲ್ಲದೆಯೂ ಆಟಕ್ಕೆ ಸೇರುತ್ತದಾ ಎಂದು ಮೊದಲು ನೋಡಿ. ಎರಡೂ ಹೌದಾದರೆ ಕಾಯಿರಿ. ಮನೆಭಾಷೆಯಲ್ಲೂ ಕೇಂದ್ರದೊಳಗೆ ಮಾತೇ ಇಲ್ಲ, ಸೇರಿದ ಮೊದಲ ತಿಂಗಳು ಬಿಟ್ಟು ಮತ್ತೂ ಒಂದು ತಿಂಗಳು ಹಾಗೆಯೇ ಹೋಯಿತು ಎಂದಾದರೆ ವೈದ್ಯರಿಗೆ ತೋರಿಸಬೇಕು. 'ಮಾತಾಡು, ಮಾತಾಡು' ಎಂದು ಎಲ್ಲರೆದುರು ಒತ್ತಾಯಿಸಿದರೆ ಮೌನ ಗಟ್ಟಿಯಾಗುತ್ತದೆ.

ಕಾಯಬಾರದ ಲಕ್ಷಣಗಳು ಬೇರೆ ಉಂಟು. ಒಂದು ವರ್ಷಕ್ಕೂ ಹೆಸರು ಕರೆದರೆ ತಿರುಗದಿರುವುದು, ಒಂದೂವರೆಗೂ ಬೆರಳು ತೋರಿಸದಿರುವುದು, 2 ವರ್ಷಕ್ಕೆ ಎರಡು ಪದ ಜೋಡಿಸದಿರುವುದು, ಯಾವ ವಯಸ್ಸಿನಲ್ಲೇ ಆಗಲಿ ಬಂದಿದ್ದ ಮಾತು ಅಥವಾ ಒಡನಾಟ ಹೋಗಿಬಿಡುವುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಆದರೆ ಇಂಥ ಲಕ್ಷಣ ಕಂಡರೆ ತಂಡ ಬರಲಿ ಅಂತ ಕೂರಬೇಡಿ, ಮೊದಲು ಕಿವಿ ಪರೀಕ್ಷೆ ಮಾಡಿಸಲಿಕ್ಕೆ ಹೇಳಿ. ಕಿವಿ ಕೇಳದ ಮಗುವನ್ನು ಹಟಮಾರಿ ಅಂತ ವರ್ಷಗಟ್ಟಲೆ ಬೈಯುವುದು ಈಗಲೂ ನಡೆಯುತ್ತದೆ, ಅದು ನಿಲ್ಲಬೇಕು.

ಬೈಲೂರು_ಬರಹ

ಮೇಲಿನ ಎರಡೂ ಉತ್ತರ ಒಳ್ಳೆಯದೇ. ಆದರೆ ಒಂದು ತಕರಾರು ಉಂಟು. ಮೊದಲು ಕನ್ನಡಿಯಲ್ಲಿ 'ನಾನು', ಆಮೇಲೆ ಸಮಾಜ ಎಂಬ ಕ್ರಮ ಎಲ್ಲ ಕಡೆ ಹಾಗೆಯೇ ನಡೆಯುವುದಿಲ್ಲ. 2004ರಲ್ಲಿ ಹೈಡಿ ಕೆಲ್ಲರ್ ತಂಡ 18-20 ತಿಂಗಳ ಮಕ್ಕಳನ್ನು ಮೂರು ಕಡೆ ಹೋಲಿಸಿತು. ಅಥೆನ್ಸಿನ ಮಧ್ಯಮವರ್ಗದ ಮಕ್ಕಳು ಕನ್ನಡಿಯಲ್ಲಿ ಬೇಗ ಗುರುತಿಸಿಕೊಂಡರು. ಕ್ಯಾಮರೂನಿನ ನ್ಸೋ ರೈತರ ಮಕ್ಕಳು ಅದರಲ್ಲಿ ಹಿಂದೆ, ಆದರೆ ಹೇಳಿದ್ದನ್ನು ಕೇಳಿ ತಮ್ಮನ್ನು ತಡೆದುಕೊಳ್ಳುವುದರಲ್ಲಿ ಮುಂದೆ. ಕೋಸ್ಟಾರಿಕದವರು ನಡುವೆ. ಮುಖಕ್ಕೆ ಮುಖ ಕೊಟ್ಟು, ಆಟಿಕೆ ತೋರಿಸಿ ಬೆಳೆಸಿದರೆ ಒಂದು ದಾರಿ. ಮೈಗೆ ಮೈ ತಾಗಿಸಿ, ಎತ್ತಿಕೊಂಡು, ಕುಣಿಸಿ ಬೆಳೆಸಿದರೆ ಇನ್ನೊಂದು. ಯಾವುದೂ ಹಿಂದುಳಿದದ್ದಲ್ಲ. ಹಾಗಾಗಿ 20 ತಿಂಗಳ ಮಗು ಮೂಗು ಮುಟ್ಟಿಕೊಳ್ಳಲಿಲ್ಲ ಎಂದು ಯಾವ ತಾಯಿಯನ್ನೂ ಹೆದರಿಸಬಾರದು.

ನಮ್ಮ ಮನೆಗಳಲ್ಲಿ ಮಗು ಸಮಾಜಕ್ಕೆ ಸೇರುವುದು ಬಹುಪಾಲು ಕರೆಯುವ ಕ್ರಮದಿಂದ. ಮಗುವನ್ನು ಎತ್ತಿಕೊಂಡ ಅಜ್ಜಿ ಅದರ ಮುಖವನ್ನು ಹೊರಗೆ ತಿರುಗಿಸಿ, 'ಮಾಮಿಗೆ ಟಾಟಾ ಮಾಡು', 'ಅಣ್ಣ ಎಲ್ಲಿಗೆ ಹೊರಟದ್ದು ಕೇಳು' ಎಂದು ಹೇಳಿಕೊಡುತ್ತಾರೆ. ಪಾಪುವಾ ನ್ಯೂಗಿನಿಯ ಕಲುಲಿ ಜನರಲ್ಲಿ ಇಂಥದ್ದನ್ನೇ ಆಕ್ಸ್ ಮತ್ತು ಶೀಫೆಲಿನ್ 1984ರಲ್ಲಿ ವಿವರಿಸಿದ್ದಾರೆ: ತಾಯಿ ಕೂಸನ್ನು ಎದುರಿನವರ ಕಡೆಗೆ ತಿರುಗಿಸಿ ಹಿಡಿದು ಅದರ ಪರವಾಗಿ ತಾನೇ ಮಾತಾಡುತ್ತಾಳೆ, ಬೆಳೆದಂತೆ 'ಹೀಗೆ ಹೇಳು' ಎಂದು ಕಲಿಸುತ್ತಾಳೆ. ಯಾರನ್ನು ಅಕ್ಕ ಅನ್ನಬೇಕು, ಯಾರಿಗೆ ತುಳುವಿನಲ್ಲಿ 'ಈ' ಸಾಕು, ಯಾರಿಗೆ 'ಈರ್' ಬೇಕು ಎಂದು ಕಲಿಯುವ ಮಗು ತಾನು ಯಾರಿಗಿಂತ ಸಣ್ಣದು, ಯಾರಿಗಿಂತ ದೊಡ್ಡದು, ಯಾರಿಗೆ ಏನಾಗಬೇಕು ಎಂಬುದನ್ನೂ ಕಲಿಯುತ್ತಿದೆ. ಎರಡು ಭಾಷೆ ಕೇಳುವ ಮಕ್ಕಳು 2 ವರ್ಷದ ಹೊತ್ತಿಗೇ ಯಾರ ಜೊತೆ ಯಾವುದು ಎಂದು ಬೇರೆ ಮಾಡಲಿಕ್ಕೆ ಶುರುಮಾಡುತ್ತಾರೆ. ಅದೂ ಸಾಮಾಜಿಕ ಜ್ಞಾನವೇ.

ಕಾರ್ಯಕರ್ತೆಗೆ ಇದರಿಂದ ಬರುವ ಕೆಲಸ ಸ್ಪಷ್ಟ. ಮನೆಯಲ್ಲಿ ಮಗು ಯಾರನ್ನು ಏನೆಂದು ಕರೆಯುತ್ತದೆ ಎಂದು ಸೇರಿದ ವಾರದಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. 'ಅಮ್ಮೆ' ಅಂದರೆ ತುಳುವಿನಲ್ಲಿ ಅಪ್ಪ; ಗೊತ್ತಿಲ್ಲದ ಟೀಚರ್ ಅಮ್ಮನ ವಿಷಯ ಮಾತಾಡಿದರೆ ಮಗು ತಬ್ಬಿಬ್ಬಾಗುತ್ತದೆ. ಹೊಸಬರು ಬಂದಾಗ 'ನಮಸ್ತೆ ಹೇಳು' ಅಂದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ. ಹೇಳದಿದ್ದರೆ ನೀವೇ ಹೇಳಿ ಮುಂದೆ ಹೋಗಿ. ಎರಡನೇ ಸಲ ಒತ್ತಾಯ ಬೇಡ.

ಕಾಪು_ತರಬೇತಿ

ಬಹಳ ಉಪಕಾರ ಆಯಿತು. ಬೆಳಗ್ಗಿನ ಅವಧಿಗೆ ಇಷ್ಟು ಸಾಕು. ಇನ್ನೊಂದು ಕೇಳಲಿಕ್ಕುಂಟು. 'ಎಲ್ಲರೂ ನೋಡ್ತಾರೆ, ನಾಚಿಕೆ ಆಗುದಿಲ್ವಾ?' ಎಂದು ಹೇಳಿ ತಿದ್ದುವುದು ಇಲ್ಲಿ ಮಾಮೂಲು. ಕೂಲಿ ಹೇಳಿದ ಮೂರನೇ ಭಾಗ ಇದೇ ತಾನೇ? ಹಾಗಾದರೆ ಅದು ಸರಿಯೇ, ತಪ್ಪೇ? ಹೊಗಳುವುದಕ್ಕೂ ಏನಾದರೂ ಕ್ರಮ ಉಂಟಾ?

ಕುಡ್ಲ_ಬಾಲವಿಕಾಸ

ನಾಚಿಕೆ ಹುಟ್ಟುವುದು ತಪ್ಪಲ್ಲ, ಅದಿಲ್ಲದೆ ಸಮಾಜ ಇಲ್ಲ. ಕನ್ನಡಿಯಲ್ಲಿ ತನ್ನನ್ನು ಗುರುತಿಸುವ ವಯಸ್ಸಿನಲ್ಲೇ ಸಂಕೋಚ ಕಾಣಿಸಿಕೊಳ್ಳುತ್ತದೆ. ಹೆಮ್ಮೆ, ಅವಮಾನ, ತಪ್ಪಿನ ಅರಿವು 3 ವರ್ಷದ ಸುಮಾರಿಗೆ. ಇವುಗಳಲ್ಲಿ ಎರಡನ್ನು ಬೇರೆ ಮಾಡಿ ತೋರಿಸಿ. ಅವಮಾನದಲ್ಲಿ 'ನಾನೇ ಕೆಟ್ಟವ' ಅನಿಸುತ್ತದೆ, ಮಗು ಅಡಗಲಿಕ್ಕೆ ನೋಡುತ್ತದೆ, ಇಲ್ಲ ಸಿಟ್ಟಾಗುತ್ತದೆ. ತಪ್ಪಿನ ಅರಿವಿನಲ್ಲಿ 'ನಾನು ಮಾಡಿದ್ದು ಕೆಟ್ಟದ್ದು' ಅನಿಸುತ್ತದೆ, ಸರಿಮಾಡಲಿಕ್ಕೆ ನೋಡುತ್ತದೆ. 'ಎಲ್ಲರೂ ನೋಡ್ತಾರೆ' ಎಂಬ ಮಾತು ಮಗುವಿನ ಗಮನವನ್ನು ಪೆಟ್ಟು ತಿಂದ ಗೆಳೆಯನಿಂದ ತೆಗೆದು ಸುತ್ತ ನೋಡುವವರ ಮೇಲೆ ಇಡುತ್ತದೆ. ಅದರಿಂದ ಅದು ಕಲಿಯುವುದು ಯಾರೂ ನೋಡದಾಗ ಹೊಡೆಯುವುದನ್ನು.

ಬದಲಿಗೆ ಈ ಕ್ರಮದಲ್ಲಿ ಹೋಗಿ. ಮಗುವನ್ನು ಬದಿಗೆ ಕರೆದು ಅದರ ಎತ್ತರಕ್ಕೆ ಕುಳಿತುಕೊಳ್ಳಿ. ನಡೆದದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ: 'ನೀನು ದೂಡಿದೆ, ಅವಳ ಮೊಣಕಾಲು ತರಚಿತು.' ತರಚಿದ್ದನ್ನು ತೋರಿಸಿ. 'ಈಗ ಅವಳಿಗೆ ಎಂತ ಮಾಡುವ?' ಎಂದು ಕೇಳಿ. ನೀರು ತರುವುದು, ಬಟ್ಟೆ ಹಿಡಿಯುವುದು, ಬಿದ್ದ ಬ್ಲಾಕ್ ಎತ್ತಿಕೊಡುವುದು, ಹೀಗೆ ಕೈಯಿಂದ ಮಾಡುವ ಏನಾದರೂ ಆಗಲಿ. 'ಸಾರಿ ಹೇಳು' ಎಂದು ಹೇಳಿಸಿ ಬಿಟ್ಟರೆ ಮಗು ಆ ಪದವನ್ನು ತಪ್ಪಿಸಿಕೊಳ್ಳಲಿಕ್ಕೆ ಬಳಸಲು ಕಲಿಯುತ್ತದೆ.

ಹೊಗಳುವಾಗಲೂ ಕೆಲಸವನ್ನು ಹೆಸರಿಸಿ, ಮಗುವಿಗೆ ಹಣೆಪಟ್ಟಿ ಬೇಡ. 1999ರಲ್ಲಿ ಕಾಮಿನ್ಸ್ ಮತ್ತು ಡ್ವೆಕ್ 5-6 ವರ್ಷದವರಲ್ಲಿ ಕಂಡದ್ದು ಇದೇ: 'ನೀನು ಒಳ್ಳೆ ಹುಡುಗಿ' ಎಂದು ಹೊಗಳಿಸಿಕೊಂಡವರು ಆಮೇಲೆ ಸೋತಾಗ ಬೇಗ ಕೈಬಿಟ್ಟರು. 'ಚಾಪೆ ಮಡಚಿ ಮೂಲೆಯಲ್ಲಿ ಇಟ್ಟಿ, ನಡೆಯಲಿಕ್ಕೆ ಜಾಗ ಆಯಿತು' ಅನ್ನಿ. ಸಹಾಯ ಮಾಡಿದ್ದಕ್ಕೆ ಚಾಕೊಲೇಟ್ ಕೊಡಬೇಡಿ. ವಾರ್ನೆಕನ್ ಮತ್ತು ಟೊಮಾಸೆಲ್ಲೊ 2008ರಲ್ಲಿ ತೋರಿಸಿದ ಹಾಗೆ, ವಸ್ತು ಕೊಟ್ಟು ಅಭ್ಯಾಸ ಮಾಡಿಸಿದ 20 ತಿಂಗಳ ಮಕ್ಕಳು ಆಮೇಲೆ ಸಹಾಯ ಮಾಡುವುದನ್ನು ಕಡಿಮೆ ಮಾಡಿದರು. ಏನೂ ಕೊಡದಿದ್ದವರು ಮಾಡುತ್ತಲೇ ಇದ್ದರು.

ಕೊಣಾಜೆ_ಓದುಗ

ಮಧ್ಯಾಹ್ನದ ಅವಧಿಗೆ ಆಟ ಬೇಕಿದ್ದರೆ ಚೆನ್ನೆಮಣೆ ಇಟ್ಟುಕೊಳ್ಳಿ. ಎರಡು ಸಾಲಿನಲ್ಲಿ ಏಳೇಳು ಗುಳಿ, ಒಂದೊಂದರಲ್ಲಿ ನಾಲ್ಕು, ಒಟ್ಟು 56 ಕಾಯಿ. ಕಾರ್ಯಕರ್ತೆಯರಲ್ಲಿ ಹೆಚ್ಚಿನವರಿಗೆ ಆಟಿ ತಿಂಗಳಲ್ಲಿ ಆಡಿ ಗೊತ್ತಿರುತ್ತದೆ. 5 ವರ್ಷದವರಿಗೆ ಸಾಲಿಗೆ ನಾಲ್ಕೇ ಗುಳಿ, ಗುಳಿಗೆ ಎರಡೇ ಬೀಜ ಸಾಕು. ಮೊದಮೊದಲು ಗೆಲ್ಲುವ ಲೆಕ್ಕ ಬಿಡಿ, ಸರದಿ ಕಾಯುವುದು ಮಾತ್ರ ಕಲಿಯಲಿ. ಚೆನ್ನೆಗೆ ಬಳಸುವ ಕೆಂಪು ಬೀಜ ಮಂಜೊಟ್ಟಿಯ ಬದಲು ಹುಣಸೆ ಬೀಜ ಆಗುತ್ತದೆ. ಗುಲಗಂಜಿ ಮಾತ್ರ ಬೇಡವೇ ಬೇಡ, ಜಗಿದರೆ ಕಡು ವಿಷ. 3 ವರ್ಷದೊಳಗಿನವರ ಕೈಗೆ ಯಾವ ಬೀಜವೂ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಜಗಳ ಬಂದರೆ ಏನು ಮಾಡಬೇಕು ಎಂಬುದನ್ನು ತರಬೇತಿಯಲ್ಲಿ ಖಂಡಿತ ಸೇರಿಸಿ, ಯಾಕೆಂದರೆ ಹೆಚ್ಚಾಗಿ ಕೆಡುವುದು ಅಲ್ಲಿಯೇ. ಪಿಯಾಜೆ 1932ರಲ್ಲಿ ಗೋಲಿ ಆಡುವ ಮಕ್ಕಳನ್ನು ನೋಡಿ ಬರೆದ ಹಾಗೆ, ಸಣ್ಣ ಮಕ್ಕಳು ಒಟ್ಟಿಗೆ ಆಡಿದರೂ ಒಬ್ಬೊಬ್ಬರದು ಒಂದೊಂದು ಆಟ, ಎಲ್ಲರೂ ಗೆದ್ದೆವು ಅನ್ನುತ್ತಾರೆ. 7-8ಕ್ಕೆ ಒಂದೇ ನಿಯಮಕ್ಕೆ ಬರಲಿಕ್ಕೆ ನೋಡುತ್ತಾರೆ. ನಿಯಮ ನಾವೇ ಒಪ್ಪಿ ಮಾಡಿಕೊಂಡದ್ದು, ಎಲ್ಲರೂ ಒಪ್ಪಿದರೆ ಬದಲಿಸಬಹುದು ಎಂದು ತಿಳಿಯುವುದು 10ರ ಸುಮಾರಿಗೆ. ಅಂಗನವಾಡಿಯ ಮಗು 'ನಾನು ಗೆದ್ದೆ' ಎಂದು ನಿಯಮ ಮುರಿದರೆ ಅದನ್ನು ಮೋಸ ಅನ್ನಬೇಡಿ. ಹೊಡೆತ ಬೀಳದಿದ್ದರೆ, ಒಬ್ಬರನ್ನೇ ಹೊರಗೆ ಇಡದಿದ್ದರೆ, ಎರಡು ನಿಮಿಷ ಸುಮ್ಮನೆ ನೋಡಿ. ಆಮೇಲೂ ತೀರದಿದ್ದರೆ 'ಶುರುವಿಗೆ ಎಂತ ಮಾತಾಡಿಕೊಂಡದ್ದು?' ಎಂದು ಮಾತ್ರ ಕೇಳಿ. ತೀರ್ಪು ಕೊಟ್ಟರೆ ಮರುದಿನವೂ ನಿಮ್ಮ ಹತ್ತಿರವೇ ಬರುತ್ತಾರೆ.

ಸಾಧ್ಯವಿದ್ದರೆ ಹತ್ತಿರದ ಶಾಲೆಯ 8-9 ವರ್ಷದ ಇಬ್ಬರನ್ನು ಶನಿವಾರ ಮಧ್ಯಾಹ್ನ ಒಂದು ಗಂಟೆ ಕರೆಯಿರಿ. ಇಬ್ಬರೇ ಸಾಕು, ಐದಾರು ಮಂದಿ ಬಂದರೆ ಅವರೇ ಆಡಿಕೊಂಡು ಸಣ್ಣವರು ಗೋಡೆ ಬದಿಗೆ ನಿಲ್ಲುತ್ತಾರೆ. ಲಗೋರಿಗೆ ಐದು ಕಲ್ಲು, ಒಂದೊಂದು ಪಕ್ಷಕ್ಕೆ ಮೂವರು, ಚೆಂಡು ಬಟ್ಟೆಯದ್ದು.